ಪರದೆಗೆ ಬೀಗವಿತ್ತು, ಸಿಮ್ ಟ್ರೇಗೆ ಇರಲಿಲ್ಲ: ಒಂದು ಮೊಬೈಲ್ ಕಳವಿನ ಪ್ರಕರಣ ಅಧ್ಯಯನ

ಕಳುವಾದದ್ದು ಮೂರು ವರ್ಷ ಹಳೆಯ ಆಂಡ್ರಾಯ್ಡ್ ಮೊಬೈಲ್. ಅದರ ಒಡತಿ ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವ ಸ್ವತಂತ್ರ ವೃತ್ತಿಯವರು. ಹೆಸರು ಇಲ್ಲಿ ಬೇಕಿಲ್ಲ, ಲೆಕ್ಕಿಗರು ಎಂದೇ ಕರೆಯೋಣ. ಮೊಬೈಲ್ ವಿಷಯದಲ್ಲಿ ಅವರು ಉದಾಸೀನರೇನಲ್ಲ. ಪರದೆಗೆ ಆರು ಅಂಕಿಯ ಪಿನ್ ಇತ್ತು, ಬೆರಳಚ್ಚು ಇತ್ತು. ಮುಖ್ಯ ಇಮೇಲ್ ಖಾತೆಗೆ ಎರಡು ಹಂತದ ದೃಢೀಕರಣವಿತ್ತು, ಅಂದರೆ ಪಾಸ್‌ವರ್ಡ್ ಕೊಟ್ಟ ಮೇಲೂ ಸೇವೆ ಇನ್ನೊಂದು ಗುರುತು ಕೇಳುತ್ತಿತ್ತು. ಫೋಟೋಗಳು ತಾವಾಗಿಯೇ ಬ್ಯಾಕಪ್ ಆಗುತ್ತಿದ್ದವು. ದೂರದಿಂದ ಪತ್ತೆಹಚ್ಚುವ ಸೌಲಭ್ಯವೂ ಚಾಲನೆಯಲ್ಲಿತ್ತು. ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆಗಳ ಪಟ್ಟಿ ಹಿಡಿದು ಅಂಕ ಹಾಕಿದ್ದರೆ ಅವರು ಒಳ್ಳೆಯ ದರ್ಜೆಯಲ್ಲೇ ತೇರ್ಗಡೆಯಾಗುತ್ತಿದ್ದರು.

ಆದರೂ ಒಂದೇ ಸಂಜೆಯಲ್ಲಿ ಅವರ ಹಳೆಯ ಇಮೇಲ್ ಖಾತೆ ಬೇರೆಯವರ ವಶವಾಯಿತು, ಅವರ ಹೆಸರಿನಲ್ಲಿ ಪರಿಚಿತರಿಗೆ ಹಣ ಕೇಳುವ ಸಂದೇಶಗಳು ಹೋದವು, ಗ್ರಾಹಕರ ದಾಖಲೆಗಳು ಯಾರ ಕೈಯಲ್ಲಿವೆ ಎಂದು ಹೇಳಲಾಗದ ಸ್ಥಿತಿ ಬಂತು. ಸಣ್ಣ ಕಚೇರಿಗಳ ಗಣಕ ಮತ್ತು ಖಾತೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ಆ ರಾತ್ರಿ ನನಗೆ ಕರೆ ಬಂತು. ಖಾತೆಗಳ ಚಟುವಟಿಕೆ ದಾಖಲೆಗಳನ್ನು ಮುಂದಿಟ್ಟುಕೊಂಡು ನಡೆದದ್ದನ್ನು ಮತ್ತೆ ಜೋಡಿಸಿದಾಗ ಎದ್ದುಕಂಡ ಸಂಗತಿ ಇದು: ಕಳ್ಳ ಆ ಮೊಬೈಲಿನ ಪರದೆಯ ಬೀಗವನ್ನು ಒಮ್ಮೆಯೂ ತೆರೆಯಲಿಲ್ಲ. ತೆರೆಯುವ ಅಗತ್ಯವೇ ಅವನಿಗೆ ಬೀಳಲಿಲ್ಲ.

ಆ ಸಂಜೆ ನಡೆದದ್ದು

6:40ಕ್ಕೆ ಲೆಕ್ಕಿಗರು ಗೆಳತಿಯೊಬ್ಬರ ಜೊತೆ ಬಸ್ ಹತ್ತಿದರು. ಸೀಟು ಸಿಗಲಿಲ್ಲ. ನಿಂತಲ್ಲೇ ಒಂದು ಸಂದೇಶಕ್ಕೆ ಉತ್ತರ ಬರೆದು, ಪರದೆ ಆರಿಸಿ, ಮೊಬೈಲನ್ನು ಕೈಚೀಲದ ಹೊರಜೇಬಿಗೆ ಹಾಕಿಕೊಂಡರು. 7:05ಕ್ಕೆ ಇಳಿದಾಗ ಜೇಬಿನ ಜಿಪ್ ತೆರೆದಿತ್ತು.

7:10ಕ್ಕೆ ಗೆಳತಿಯ ಮೊಬೈಲಿನಿಂದ ಕರೆ ಮಾಡಿದರು. ಗಂಟೆ ಬಾರಿಸಿತು, ಯಾರೋ ಕತ್ತರಿಸಿದರು. 7:15ಕ್ಕೆ ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು. ಈ ಐದು ನಿಮಿಷಗಳಲ್ಲಿ ಕಳ್ಳ ಮೊಬೈಲನ್ನು ಆರಿಸಿ, ಪಕ್ಕದ ಸಣ್ಣ ರಂಧ್ರಕ್ಕೆ ಸೂಜಿ ಚುಚ್ಚಿ, ಸಿಮ್ ಟ್ರೇ ಹೊರಗೆಳೆದಿದ್ದ. ಸಿಮ್ ಇನ್ನೊಂದು ಮೊಬೈಲಿಗೆ ಹೋಯಿತು. ಆ ಸಿಮ್‌ಗೆ ಪಿನ್ ಇರಲಿಲ್ಲ. ಆದ್ದರಿಂದ ಹೊಸ ಮೊಬೈಲಿನಲ್ಲಿ ಅದು ಯಾವ ಪ್ರಶ್ನೆಯನ್ನೂ ಕೇಳದೆ ಜೀವಂತವಾಯಿತು.

7:26ಕ್ಕೆ ಲೆಕ್ಕಿಗರ ವಾಟ್ಸ್‌ಆ್ಯಪ್ ಖಾತೆ ಆ ಮೊಬೈಲಿನಲ್ಲಿ ನೋಂದಣಿಯಾಯಿತು. ಅದಕ್ಕೆ ಬೇಕಾದದ್ದು ಎಸ್‌ಎಂಎಸ್ ಮೂಲಕ ಬರುವ ಆರು ಅಂಕಿಯ ಒಟಿಪಿ ಮಾತ್ರ, ಎಸ್‌ಎಂಎಸ್ ಬರುವುದು ಸಿಮ್ ಇರುವಲ್ಲಿಗೆ. ಹಳೆಯ ಮಾತುಕತೆಗಳು ಅವನಿಗೆ ಕಾಣಲಿಲ್ಲ, ಏಕೆಂದರೆ ಅವು ಸಂಸ್ಥೆಯ ಸರ್ವರ್‌ನಲ್ಲಿ ಇರುವುದಿಲ್ಲ. ಮೊಬೈಲಿನಲ್ಲಿ ಅಥವಾ ಬಳಕೆದಾರರ ಬ್ಯಾಕಪ್‌ನಲ್ಲಿ ಇರುತ್ತವೆ. ಆದರೆ ಲೆಕ್ಕಿಗರು ಸದಸ್ಯರಾಗಿದ್ದ ಗುಂಪುಗಳು ಕಂಡವು, ಗುಂಪುಗಳಿಂದ ಸದಸ್ಯರ ಸಂಖ್ಯೆಗಳು ಸಿಕ್ಕವು. "ತುರ್ತಾಗಿ ಸ್ವಲ್ಪ ಹಣ ಬೇಕಿತ್ತು, ನಾಳೆ ಬೆಳಿಗ್ಗೆಯೇ ಹಿಂದಿರುಗಿಸುತ್ತೇನೆ" ಎಂಬ ಸಂದೇಶ ಹರಿದಾಡಿತು. ಹೆಚ್ಚಿನವರು ಅನುಮಾನಪಟ್ಟರು. ಒಬ್ಬರು ಕಳುಹಿಸಿಯೇಬಿಟ್ಟರು.

7:31ಕ್ಕೆ ಹಳೆಯ ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಾಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಳ್ಳನಿಗೆ ಆ ವಿಳಾಸ ಹೇಗೆ ತಿಳಿಯಿತು ಎಂಬುದೇ ಈ ಪ್ರಕರಣದ ಒಂದು ವ್ಯಂಗ್ಯ. ಮೊಬೈಲ್ ಕಳೆದುಹೋದರೆ ಸಿಕ್ಕವರು ಹಿಂದಿರುಗಿಸಲಿ ಎಂಬ ಸದಾಶಯದಿಂದ ಲೆಕ್ಕಿಗರು ಬೀಗದ ಪರದೆಯ ಮೇಲೆಯೇ ತಮ್ಮ ಹಳೆಯ ಇಮೇಲ್ ವಿಳಾಸವನ್ನು ಬರೆದಿಟ್ಟಿದ್ದರು. ಆ ಖಾತೆಗೆ ಎರಡು ಹಂತದ ದೃಢೀಕರಣ ಇರಲಿಲ್ಲ. ಪಾಸ್‌ವರ್ಡ್ ಮರೆತಿದೆ ಎಂದರೆ ನೋಂದಾಯಿತ ಸಂಖ್ಯೆಗೆ ಒಟಿಪಿ ಕಳುಹಿಸುತ್ತಿತ್ತು. ಸಂಖ್ಯೆ ಈಗ ಯಾರ ಕೈಯಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಖಾತೆಯ ಒಳಗೆ ಹೋದವನಿಗೆ ಮುಖ್ಯ ಖಾತೆಯ ವಿಳಾಸ ಸಿಕ್ಕಿತು, ಏಕೆಂದರೆ ಮುಖ್ಯ ಖಾತೆಯ ಭದ್ರತಾ ಸೂಚನೆಗಳೆಲ್ಲ ಹಳೆಯ ಖಾತೆಗೇ ಬರುತ್ತಿದ್ದವು. ಮುಖ್ಯ ಖಾತೆಯನ್ನು ಮರಳಿ ಪಡೆಯಲು ಕೊಟ್ಟಿದ್ದ ಪರ್ಯಾಯ ವಿಳಾಸವೂ ಅದೇ. 7:48ಕ್ಕೆ ಮುಖ್ಯ ಖಾತೆಯ ಮೇಲೆ ಮರುಪಡೆಯುವ ಕೋರಿಕೆ ದಾಖಲಾಯಿತು. ಅಪರಿಚಿತ ಸಾಧನದಿಂದ ಬಂದ ಕೋರಿಕೆಯಾದ್ದರಿಂದ ಸೇವೆ ಅದನ್ನು ಕೂಡಲೇ ಒಪ್ಪದೆ ತಡೆಹಿಡಿಯಿತು. ಲೆಕ್ಕಿಗರ ಅದೃಷ್ಟಕ್ಕೆ ಅನಾಹುತ ಅಲ್ಲಿಗೆ ನಿಂತಿತು.

ಒಡತಿಗೂ ತೆರೆಯದ ಬಾಗಿಲು

ಇದೇ ಹೊತ್ತಿನಲ್ಲಿ ಲೆಕ್ಕಿಗರು ಏನು ಮಾಡುತ್ತಿದ್ದರು? 7:25ರಿಂದ 7:45ರವರೆಗೆ ಗೆಳತಿಯ ಮೊಬೈಲಿನಲ್ಲಿ ತಮ್ಮ ಮುಖ್ಯ ಖಾತೆಗೆ ಪ್ರವೇಶಿಸಿ ಮೊಬೈಲನ್ನು ಪತ್ತೆಹಚ್ಚಲು ಹೆಣಗುತ್ತಿದ್ದರು. ಪಾಸ್‌ವರ್ಡ್ ನೆನಪಿತ್ತು. ಎರಡನೆಯ ಹಂತದಲ್ಲಿ ಸೇವೆ ಕೇಳಿದ್ದು ಕಳುವಾದ ಮೊಬೈಲಿನ ಮೇಲೆ "ಹೌದು, ಇದು ನಾನೇ" ಎಂದು ಒತ್ತುವುದನ್ನು. ಬೇರೆ ದಾರಿ ಆರಿಸಿದರೆ ಒಟಿಪಿ, ಅದು ಕಳ್ಳನ ಕೈಗೆ. ಇನ್ನೊಂದು ದಾರಿ ದೃಢೀಕರಣ ಆ್ಯಪ್ ತೋರಿಸುವ, ಆಗಾಗ ಬದಲಾಗುವ ಸಂಕೇತ, ಆ ಆ್ಯಪ್ ಇದ್ದದ್ದು ಕಳುವಾದ ಮೊಬೈಲಿನಲ್ಲೇ. ಕೊನೆಯ ದಾರಿ ಮೊದಲೇ ಪಡೆದಿಟ್ಟುಕೊಳ್ಳುವ ಬ್ಯಾಕಪ್ ಸಂಕೇತಗಳು. ಅವನ್ನು ಲೆಕ್ಕಿಗರು ಪಡೆದಿದ್ದರು, ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನ ಗ್ಯಾಲರಿಯಲ್ಲಿ ಇಟ್ಟಿದ್ದರು. ಗ್ಯಾಲರಿಯ ಪ್ರತಿ ಕ್ಲೌಡ್‌ನಲ್ಲಿ ಭದ್ರವಾಗಿಯೇ ಇತ್ತು. ಆ ಕ್ಲೌಡ್ ತೆರೆಯಲು ಬೇಕಾದದ್ದು ಅದೇ ಮುಖ್ಯ ಖಾತೆ.

ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದಂತೆ ಇದು. ನಾನು ನೋಡುವ ಕಚೇರಿಗಳಲ್ಲಿ ಈ ಏರ್ಪಾಡು ಎಷ್ಟು ಸಾಮಾನ್ಯವೆಂದರೆ, ಈಗ ಯಾರಾದರೂ "ಎರಡು ಹಂತದ ದೃಢೀಕರಣ ಹಾಕಿದ್ದೇನೆ" ಎಂದರೆ ನನ್ನ ಮೊದಲ ಪ್ರಶ್ನೆ "ಎರಡನೆಯ ಹಂತ ಎಲ್ಲಿದೆ" ಎಂಬುದು. ಮೊಬೈಲಿನಲ್ಲಿ ಎಂಬ ಉತ್ತರ ಬಂದರೆ, ಮೊಬೈಲ್ ಇಲ್ಲದ ದಿನ ಏನು ಮಾಡುತ್ತೀರಿ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ.

ಈ ಇಕ್ಕಟ್ಟನ್ನು ತಯಾರಕರೂ ಬಲ್ಲರು. ಆ್ಯಪಲ್‌ನಲ್ಲಿ ಐಕ್ಲೌಡ್ ಜಾಲತಾಣದ ಸಾಧನ ಹುಡುಕುವ ಪುಟಕ್ಕೆ ಪಾಸ್‌ವರ್ಡ್ ಸಾಕು, ಎರಡನೆಯ ಹಂತದ ಸಂಕೇತ ಬೇಕಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಗೂಗಲ್ 2024ರಲ್ಲಿ ತಂದ ದೂರದ ಬೀಗ ಎಂಬ ಸೌಲಭ್ಯವಿದೆ: ಖಾತೆಗೆ ಪ್ರವೇಶಿಸದೆ, ದೂರವಾಣಿ ಸಂಖ್ಯೆಯನ್ನು ಕೊಟ್ಟೇ ಪರದೆಗೆ ಬೀಗ ಹಾಕಬಹುದು. ಆದರೆ ಅದನ್ನು ಮೊದಲೇ ಸೆಟ್ಟಿಂಗ್‌ನಲ್ಲಿ ಚಾಲೂ ಮಾಡಿರಬೇಕು, ಮೊಬೈಲ್ ಅಂತರಜಾಲಕ್ಕೆ ಜೋಡಿಕೊಂಡಿರಬೇಕು. ಲೆಕ್ಕಿಗರ ಮಟ್ಟಿಗೆ ಎರಡೂ ಇಲ್ಲ.

ಮೊದಲು ಸಿಮ್, ಆಮೇಲೆ ಹುಡುಕಾಟ?

7:50ಕ್ಕೆ ಲೆಕ್ಕಿಗರು ದೂರವಾಣಿ ಸಂಸ್ಥೆಗೆ ಕರೆ ಮಾಡಿದರು. ಗುರುತಿನ ಪ್ರಶ್ನೆಗಳಿಗೆ ಉತ್ತರಿಸಿ ಸಿಮ್ ಸ್ಥಗಿತವಾಗುವಾಗ 8:05. ಅಂದರೆ ಸುಮಾರು ಐವತ್ತು ನಿಮಿಷ ಅವರ ಸಂಖ್ಯೆ ಕಳ್ಳನ ಮೊಬೈಲಿನಲ್ಲಿ ಉಸಿರಾಡುತ್ತಿತ್ತು. ಏಕೆ ತಡಮಾಡಿದಿರಿ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ತರ್ಕಬದ್ಧವಾಗಿಯೇ ಇತ್ತು: ಸಿಮ್ ಸ್ಥಗಿತವಾದರೆ ಮೊಬೈಲಿಗೆ ಅಂತರಜಾಲ ತಪ್ಪುತ್ತದೆ, ಆಗ ಅದು ಎಲ್ಲಿದೆ ಎಂದು ತಿಳಿಯುವುದಿಲ್ಲ, ಬೀಗ ಹಾಕುವ ಆಜ್ಞೆಯೂ ತಲುಪುವುದಿಲ್ಲ.

ಈ ವಾದವನ್ನು ತಳ್ಳಿಹಾಕಲಾಗದು, ಅನೇಕ ಬಲ್ಲವರೂ ಇದನ್ನೇ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕ್ರಮ ನಿರ್ಧಾರವಾಗಬೇಕಾದದ್ದು ಮೊಬೈಲ್ ಹೋಗುವಾಗ ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ. ಕೈಯಲ್ಲಿ ಹಿಡಿದು ಬಳಸುತ್ತಿದ್ದಾಗ ಕಸಿದುಕೊಂಡು ಓಡಿದರೆ ಪರದೆ ತೆರೆದಿರುತ್ತದೆ, ಒಳಗಿನ ಎಲ್ಲವೂ ಕಳ್ಳನ ಮುಂದಿರುತ್ತವೆ. ಆಗ ದೂರದಿಂದ ಬೀಗ ಹಾಕುವುದೇ ಮೊದಲ ಕೆಲಸ, ಅದಕ್ಕೆ ಸಿಮ್‌ನ ಅಂತರಜಾಲ ಉಳಿದಿರಬೇಕು. ಬೀಗ ಬಿದ್ದಿದ್ದ ಮೊಬೈಲ್ ಜೇಬಿನಿಂದ ಹೋದರೆ ಲೆಕ್ಕ ಬೇರೆ. ಆ ಮೊಬೈಲಿನ ಒಳಗಿರುವುದು ಆಗಲೇ ಭದ್ರ, ಹೊರಗಿರುವುದು ಸಿಮ್. ಮೊದಲ ಕರೆ ದೂರವಾಣಿ ಸಂಸ್ಥೆಗೆ ಹೋಗಬೇಕು. ಕರೆ ಮಾಡಿದಾಗ ಸ್ವಿಚ್ ಆಫ್ ಎಂದು ಬಂದರಂತೂ ಯೋಚಿಸುವುದಕ್ಕೇ ಏನೂ ಇಲ್ಲ: ಆರಿದ ಮೊಬೈಲಿಗೆ ಯಾವ ಆಜ್ಞೆಯೂ ತಲುಪುವುದಿಲ್ಲ, ಸಿಮ್ ಮಾತ್ರ ಎಲ್ಲಿ ಬೇಕಾದರೂ ಬದುಕಬಲ್ಲದು. 7:15ರ ಆ ಸ್ವಿಚ್ ಆಫ್ ಲೆಕ್ಕಿಗರಿಗೆ ಸಿಕ್ಕ ಸ್ಪಷ್ಟ ಸುಳಿವಾಗಿತ್ತು. ಆದರೆ ಬೀದಿಯಲ್ಲಿ ನಿಂತು, ಎದೆ ಡವಗುಟ್ಟುತ್ತಿರುವಾಗ ಇಂಥ ತರ್ಕ ಯಾರಿಗೂ ಹೊಳೆಯುವುದಿಲ್ಲ. ಅದು ಮೊದಲೇ ಬರೆದಿಟ್ಟ ಚೀಟಿಯಲ್ಲಿರಬೇಕು.

ಸಿಮ್‌ಗೆ ಪಿನ್ ಇದ್ದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಸಿಮ್ ಪಿನ್ ಎಂಬುದು ಜಿಎಸ್‌ಎಂ ಎಂಬ ಎರಡನೆಯ ತಲೆಮಾರಿನ ಮೊಬೈಲ್ ಜಾಲದ ಕಾಲದಿಂದಲೂ ಇರುವ ಸರಳ ಏರ್ಪಾಡು. ನಾಲ್ಕರಿಂದ ಎಂಟು ಅಂಕಿಯ ಈ ಸಂಖ್ಯೆಯನ್ನು ಸಿಮ್ ತನ್ನೊಳಗೇ ಪರೀಕ್ಷಿಸುತ್ತದೆ. ಮೊಬೈಲ್ ಆರಿಸಿ ಹಚ್ಚಿದಾಗ, ಅಥವಾ ಸಿಮ್ಮನ್ನು ಬೇರೆ ಮೊಬೈಲಿಗೆ ಹಾಕಿದಾಗ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್‌ಗೆ ತಡೆ ಬೀಳುತ್ತದೆ, ಆಮೇಲೆ ಅದನ್ನು ಬಿಡಿಸಲು ಎಂಟು ಅಂಕಿಯ ಪಿಯುಕೆ ಸಂಖ್ಯೆ ಬೇಕು. ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಶಾಶ್ವತವಾಗಿ ನಿಷ್ಕ್ರಿಯ. ಪರದೆಯ ಬೀಗಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಚಾಲೂ ಮಾಡುವಾಗ ಒಂದು ಎಚ್ಚರ ಬೇಕು: ಸಿಮ್‌ನೊಂದಿಗೆ ಬರುವ ಮೂಲ ಪಿನ್ ಏನೆಂದು ದೂರವಾಣಿ ಸಂಸ್ಥೆಯಿಂದ ತಿಳಿದುಕೊಂಡೇ ಕೈ ಹಾಕಬೇಕು, ಊಹಿಸಲು ಹೋದರೆ ಮೂರು ಅವಕಾಶಗಳು ಅಲ್ಲೇ ಮುಗಿಯುತ್ತವೆ. ಚಾಲೂ ಆದ ಮೇಲೆ ಮೂಲ ಪಿನ್ನನ್ನು ಬದಲಿಸಲೇಬೇಕು, ಏಕೆಂದರೆ ಅದು ಹಲವು ಕಡೆ ಎಲ್ಲ ಗ್ರಾಹಕರಿಗೂ ಒಂದೇ. ಇ-ಸಿಮ್, ಅಂದರೆ ಮೊಬೈಲಿನೊಳಗೇ ಅಳವಡಿಸಿದ ಸಿಮ್ ಇದ್ದವರಿಗೆ ಕಿತ್ತು ಬೇರೆಡೆಗೆ ಹಾಕುವ ಭಯವಿಲ್ಲ. ಆದರೆ ಬೀಗದ ಪರದೆಯ ಮೇಲೆ ಸಂದೇಶಗಳ ಪೂರ್ತಿ ಪಠ್ಯ ಕಾಣುವಂತಿದ್ದರೆ ಒಟಿಪಿ ಅಲ್ಲೇ ಓದಲು ಸಿಗುತ್ತದೆ, ಸಿಮ್ ಕೀಳುವ ಶ್ರಮವೂ ಬೇಡ. ಲೆಕ್ಕಿಗರ ಮೊಬೈಲಿನಲ್ಲಿ ಅದೂ ಹಾಗೇ ಇತ್ತು.

ಒಳಗಿನ ಮಾಹಿತಿ ಉಳಿದದ್ದು ಹೇಗೆ

ಲೆಕ್ಕಿಗರ ದೊಡ್ಡ ಭಯ ಮೊಬೈಲಿನೊಳಗಿನ ಕಡತಗಳದ್ದು. ಅವರಿಗೆ ನಾನು ಆ ರಾತ್ರಿ ಧೈರ್ಯವಾಗಿ ಹೇಳಬಹುದಾಗಿದ್ದ ಮಾತು ಒಂದೇ: ಮೊಬೈಲಿನ ಒಳಸಂಗ್ರಹ ಸದ್ಯಕ್ಕೆ ಸುರಕ್ಷಿತ.

ಇಂದಿನ ಮೊಬೈಲುಗಳಲ್ಲಿ ಒಳಸಂಗ್ರಹದ ಕಡತಗಳು ಗೂಢಲಿಪಿಯಲ್ಲಿರುತ್ತವೆ. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಸಾಧನಗಳಿಗೆ ಕಡತ ಮಟ್ಟದ ಎನ್‌ಕ್ರಿಪ್ಷನ್, ಅಂದರೆ ಕಡತಗಳನ್ನು ಹೀಗೆ ಗೂಢಲಿಪಿಯಲ್ಲಿಡುವುದು, ಕಡ್ಡಾಯ. ಕಡತಗಳನ್ನು ಬಿಚ್ಚುವ ಕೀಲಿ ಎರಡು ಸಂಗತಿಗಳಿಂದ ಹುಟ್ಟುತ್ತದೆ: ಬಳಕೆದಾರರ ಪಿನ್ ಮತ್ತು ಮೊಬೈಲಿನ ಚಿಪ್‌ನೊಳಗೆ ಹುದುಗಿರುವ, ಹೊರಗೆ ತೆಗೆಯಲಾಗದ ರಹಸ್ಯ. ಸಂಗ್ರಹದ ಚಿಪ್ಪನ್ನು ಬಿಡಿಸಿಕೊಂಡು ಹೋಗಿ ಗಣಕಕ್ಕೆ ಜೋಡಿಸಿದರೂ ಅರ್ಥವಿಲ್ಲದ ಅಂಕಿಗಳಷ್ಟೇ ಸಿಗುತ್ತವೆ. ಪಿನ್ ಊಹಿಸಲು ಹೊರಟರೆ ಕೆಲವು ತಪ್ಪುಗಳ ಬಳಿಕ ಮೊಬೈಲ್ ಕಾಯುವಂತೆ ಮಾಡುತ್ತದೆ, ಕಾಯಬೇಕಾದ ಹೊತ್ತು ಹಿಗ್ಗುತ್ತ ಹೋಗುತ್ತದೆ. ಆರು ಅಂಕಿಗಳಲ್ಲಿ ಹತ್ತು ಲಕ್ಷ ಸಾಧ್ಯತೆಗಳಿವೆ, ಹುಟ್ಟಿದ ದಿನಾಂಕವನ್ನೇ ಇಟ್ಟುಕೊಂಡಿರದಿದ್ದರೆ.

ಕಳ್ಳ ಮೊಬೈಲನ್ನು ಆರಿಸಿದ್ದು ಪತ್ತೆಯ ದೃಷ್ಟಿಯಿಂದ ಕೆಟ್ಟದಾದರೂ ಮಾಹಿತಿಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಮೊಬೈಲ್ ಹಚ್ಚಿದ ನಂತರ ಮೊದಲ ಸಲ ಪಿನ್ ಒತ್ತುವವರೆಗೆ ಕಡತಗಳ ಕೀಲಿಗಳು ಸ್ಮೃತಿಯೊಳಗೆ ಬರುವುದೇ ಇಲ್ಲ, ಬೆರಳಚ್ಚೂ ನಡೆಯುವುದಿಲ್ಲ. ಒಮ್ಮೆ ಪಿನ್ ಒತ್ತಿ ಬಳಸಿದ ಮೇಲೆ ಪರದೆಗೆ ಬೀಗ ಬಿದ್ದಿದ್ದರೂ ಕೀಲಿಗಳು ಒಳಗೆ ಉಳಿದಿರುತ್ತವೆ, ಮೊಬೈಲುಗಳನ್ನು ಬಗೆಯುವ ದುಬಾರಿ ಉಪಕರಣಗಳು ಹೊಂಚುಹಾಕುವುದು ಆ ಸ್ಥಿತಿಗೆ. ಇದೇ ಕಾರಣಕ್ಕೆ ಆ್ಯಪಲ್ 2024ರಲ್ಲಿ ಐಒಎಸ್ 18ರ ಆವೃತ್ತಿಯೊಂದರಲ್ಲಿ, ಗೂಗಲ್ 2025ರಲ್ಲಿ, ಮೂರು ದಿನ ಬೀಗ ತೆರೆಯದಿದ್ದರೆ ಮೊಬೈಲ್ ತಾನಾಗಿಯೇ ಮರುಚಾಲನೆಗೊಳ್ಳುವ ವ್ಯವಸ್ಥೆ ತಂದವು. ಜೇಬುಗಳ್ಳರ ಬಳಿ ಅಂಥ ಉಪಕರಣಗಳು ಇರುವುದು ಅಪರೂಪ ಎಂಬುದೂ ನಿಜ. ಅವರಿಗೆ ಬೇಕಾದದ್ದು ಮಾರಬಹುದಾದ ಮೊಬೈಲ್.

ಹಾಗಾದರೆ ಅಳಿಸಿಹಾಕುವ ಆಜ್ಞೆ ಕೊಡಬೇಕೇ? 8:20ಕ್ಕೆ ಮನೆ ತಲುಪಿದ ಲೆಕ್ಕಿಗರ ಬಾಯಲ್ಲಿ ಮೊದಲು ಬಂದದ್ದು ಇದೇ ಪ್ರಶ್ನೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಮುಖ್ಯ ಖಾತೆ ತೆರೆದೇ ಇತ್ತು, ಪರಿಚಿತ ಸಾಧನವೆಂದು ಸೇವೆ ಅದನ್ನು ನಂಬುತ್ತಿತ್ತು. ನಾನು ದೂರವಾಣಿಯಲ್ಲಿ ಹೇಳಿದಂತೆ ಅವರು ಮೊದಲು ಮುಖ್ಯ ಖಾತೆಯ ಪಾಸ್‌ವರ್ಡ್ ಬದಲಿಸಿದರು, ತಡೆಹಿಡಿದಿದ್ದ ಮರುಪಡೆಯುವ ಕೋರಿಕೆಯನ್ನು ರದ್ದುಮಾಡಿದರು, ಹಳೆಯ ವಿಳಾಸವನ್ನೂ ಹಳೆಯ ಸಂಖ್ಯೆಯನ್ನೂ ಮರುಪಡೆಯುವ ಪಟ್ಟಿಯಿಂದ ಕಿತ್ತುಹಾಕಿದರು. ಆಮೇಲೆ ಬೀಗ ಹಾಕುವ ಆಜ್ಞೆ ಕೊಟ್ಟು ಗೆಳತಿಯ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುವಂತೆ ಮಾಡಿದರು. ಅಳಿಸುವುದನ್ನು ಮುಂದಕ್ಕೆ ಹಾಕಿದೆವು. ಗೂಢಲಿಪಿಯ ಸಂಗ್ರಹವನ್ನು ಅಳಿಸುವುದೆಂದರೆ ಕೀಲಿಯನ್ನು ನಾಶಮಾಡುವುದು. ಪಿನ್ ಗಟ್ಟಿಯಿದ್ದು ಮೊಬೈಲ್ ಆರಿದ್ದರೆ ಅದರಿಂದ ಆ ಕ್ಷಣಕ್ಕೆ ಸಿಗುವ ಹೆಚ್ಚುವರಿ ಲಾಭ ಅಲ್ಪ. ಆಂಡ್ರಾಯ್ಡ್‌ನಲ್ಲಿ ಅಳಿಸಿದ ಮೇಲೆ ಮೊಬೈಲನ್ನು ನಕ್ಷೆಯಲ್ಲಿ ನೋಡುವ ಅವಕಾಶವೂ ಮುಗಿಯುತ್ತದೆ. ದುರ್ಬಲ ಪಿನ್, ಅಥವಾ ತೆರೆದ ಪರದೆಯೊಂದಿಗೆ ಹೋದ ಮೊಬೈಲ್ ಆಗಿದ್ದರೆ ನಾನು ಹಿಂದೆಮುಂದೆ ನೋಡದೆ ಅಳಿಸಿ ಎನ್ನುತ್ತಿದ್ದೆ.

ನಕ್ಷೆಯಲ್ಲಿ ಕಂಡ ಕೊನೆಯ ತಾಣ 7:12ರದ್ದು, ಬಸ್ ನಿಲ್ದಾಣದ ಸುತ್ತಲಿನ ಒಂದು ದೊಡ್ಡ ವೃತ್ತ. ಆ ವೃತ್ತದೊಳಗೆ ನೂರಾರು ಬಾಗಿಲುಗಳಿದ್ದವು. ಅಲ್ಲಿಗೆ ಹೋಗಿ ಹುಡುಕುತ್ತೇನೆ ಎಂದವರನ್ನು ತಡೆದದ್ದು ಗೆಳತಿ, ಆ ಪುಣ್ಯ ಅವರದು.

ಟ್ರೇಯಲ್ಲಿದ್ದ ಇನ್ನೊಂದು ವಸ್ತು

ಮಾಹಿತಿ ಸುರಕ್ಷಿತ ಎಂದು ನಿರಾಳವಾಗುವ ಹೊತ್ತಿಗೆ ಲೆಕ್ಕಿಗರು ಒಂದು ಮಾತು ಸೇರಿಸಿದರು: ಮೆಮರಿ ಕಾರ್ಡ್ ಒಂದಿತ್ತು.

ಒಂದು ವರ್ಷದ ಹಿಂದೆ ಒಳಸಂಗ್ರಹ ತುಂಬಿದಾಗ ಅವರು ಕಾರ್ಡ್ ಹಾಕಿ, ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ನ ಸಂಗ್ರಹವನ್ನು ಅದಕ್ಕೆ ತಿರುಗಿಸಿದ್ದರು. ಗ್ರಾಹಕರ ಗುರುತಿನ ಪತ್ರಗಳು, ಸಹಿ ಮಾಡಿದ ಕರಾರುಗಳು, ಬ್ಯಾಂಕ್ ಹೇಳಿಕೆಗಳು ಅದರಲ್ಲಿದ್ದವು. ಮೆಮರಿ ಕಾರ್ಡ್ ಇರುವುದು ಸಿಮ್‌ನ ಪಕ್ಕದಲ್ಲೇ, ಅದೇ ಟ್ರೇಯಲ್ಲಿ. ಒಂದು ಸೂಜಿಗೆ ಎರಡೂ ಹೊರಬರುತ್ತವೆ.

ಆಂಡ್ರಾಯ್ಡ್‌ನಲ್ಲಿ ಕಾರ್ಡನ್ನು ಎರಡು ರೀತಿಯಲ್ಲಿ ಬಳಸಬಹುದು. 2015ರ ಆಂಡ್ರಾಯ್ಡ್ 6ರಿಂದ ಬಂದ ಒಂದು ವಿಧಾನದಲ್ಲಿ ಕಾರ್ಡ್ ಒಳಸಂಗ್ರಹದ ಭಾಗವಾಗಿ, ಗೂಢಲಿಪಿಯಲ್ಲಿ, ಆ ಮೊಬೈಲಿಗೆ ಮಾತ್ರ ಓದಲು ಬರುವಂತೆ ಇರುತ್ತದೆ. ಎಲ್ಲ ತಯಾರಕರೂ ಅದನ್ನು ಕೊಡುವುದಿಲ್ಲ. ಸಾಮಾನ್ಯವಾಗಿ ನಡೆಯುವುದು ಇನ್ನೊಂದು ವಿಧಾನ: ತೆಗೆದು ಬೇರೆಡೆ ಹಾಕಬಹುದಾದ ಸಂಗ್ರಹ. ಅದರಲ್ಲಿರುವ ಕಡತಗಳನ್ನು ಯಾವ ಗಣಕ ಬೇಕಾದರೂ ಓದುತ್ತದೆ. ಆರು ಅಂಕಿಯ ಪಿನ್, ಬೆರಳಚ್ಚು, ಚಿಪ್‌ನೊಳಗಿನ ರಹಸ್ಯ, ಇವು ಯಾವುವೂ ಆ ಕಾರ್ಡಿಗೆ ಅನ್ವಯಿಸುವುದಿಲ್ಲ. ದೂರದಿಂದ ಅಳಿಸುವ ಆಜ್ಞೆ ಕೂಡ ಕಾರ್ಡನ್ನು ಮುಟ್ಟುತ್ತದೆ ಎಂಬ ಖಾತರಿಯಿಲ್ಲ, ಕಿತ್ತಿಟ್ಟ ಕಾರ್ಡನ್ನಂತೂ ಮುಟ್ಟಲಾರದು.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗಂಭೀರವೆನಿಸಿದ್ದು ಇದು, ಹಣ ಕೇಳಿದ ಸಂದೇಶಗಳಿಗಿಂತಲೂ. ಸ್ವಂತದ ನಷ್ಟವನ್ನು ಸಹಿಸಬಹುದು. ನಂಬಿ ಕೊಟ್ಟವರ ಕಾಗದಪತ್ರಗಳು ಹೋದರೆ ಅದು ಅವರಿಗೆ ತಿಳಿಸಬೇಕಾದ ವಿಷಯ. ಲೆಕ್ಕಿಗರಿಗೆ ಕಾರ್ಡಿನಲ್ಲಿ ಏನೇನಿತ್ತು ಎಂಬುದರ ಪಟ್ಟಿಯೂ ಇರಲಿಲ್ಲ. ಕಳುಹಿಸಿದ ಇಮೇಲ್‌ಗಳ ಲಗತ್ತುಗಳನ್ನು ನೋಡಿ, ಒಬ್ಬೊಬ್ಬ ಗ್ರಾಹಕರ ಹೆಸರಿನ ಮುಂದೆ ಯಾವ ದಾಖಲೆ ಸ್ಕ್ಯಾನ್ ಆಗಿರಬಹುದು ಎಂದು ಅಂದಾಜು ಪಟ್ಟಿ ತಯಾರಾಯಿತು. ಮರುದಿನ ಪ್ರತಿಯೊಬ್ಬರಿಗೂ ಪತ್ರ ಹೋಯಿತು: ಯಾವ ದಿನ ಏನಾಯಿತು, ನಿಮ್ಮ ಯಾವ ದಾಖಲೆಗಳು ಹೊರಹೋಗಿರುವ ಸಾಧ್ಯತೆಯಿದೆ, ನಿಮ್ಮ ಹೆಸರಿನಲ್ಲಿ ಸಾಲ ಅಥವಾ ಹೊಸ ಸಂಪರ್ಕದ ಅರ್ಜಿ ಬಂದರೆ ಏನು ಮಾಡಬೇಕು. ಇಬ್ಬರು ಗ್ರಾಹಕರು ಅವರ ಸೇವೆ ನಿಲ್ಲಿಸಿದರು. ಉಳಿದವರು ಉಳಿದರು. ಮುಚ್ಚಿಟ್ಟಿದ್ದರೆ ಆ ಇಬ್ಬರೂ ಉಳಿಯುತ್ತಿದ್ದರೇನೋ. ಆದರೂ ಬಚ್ಚಿಡುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ನಂತರದ ದಿನಗಳು

ಬ್ಯಾಂಕಿಗೆ ಆ ರಾತ್ರಿಯೇ ತಿಳಿಸಲಾಯಿತು. ಬ್ಯಾಂಕ್ ಆ್ಯಪ್‌ಗೆ ಪ್ರತ್ಯೇಕ ಪಿನ್ ಇತ್ತು, ಅದು ಹಳೆಯ ಮೊಬೈಲಿಗೇ ಕಟ್ಟಿಹಾಕಿದ್ದಾಗಿತ್ತು. ಅಲ್ಲಿ ಏನೂ ಹೋಗಲಿಲ್ಲ.

ಅದೇ ಸಂಖ್ಯೆಯ ಹೊಸ ಸಿಮ್ ಮರುದಿನ ಸಿಕ್ಕಿತು. ಅದನ್ನು ಗೆಳತಿಯ ಹಳೆಯ ಮೊಬೈಲಿಗೆ ಹಾಕಿ ವಾಟ್ಸ್‌ಆ್ಯಪ್ ನೋಂದಾಯಿಸಿದಾಗ ಹೊಸ ತೊಡಕು ಎದುರಾಯಿತು: ಕಳ್ಳ ಎರಡು ಹಂತದ ಪಿನ್ ಹಾಕಿಟ್ಟಿದ್ದ. ಎಸ್‌ಎಂಎಸ್ ಸಂಕೇತ ಕೊಟ್ಟ ಕೂಡಲೇ ಕಳ್ಳನ ಮೊಬೈಲಿನಿಂದ ಖಾತೆ ಹೊರಬಿದ್ದಿತು, ಆದರೆ ಆ ಪಿನ್ ತಿಳಿಯದವರು ಒಳಗೆ ಹೋಗಲು ಏಳು ದಿನ ಕಾಯಬೇಕು. ಕಾಯ್ದರು. ಆ ಏಳು ದಿನಗಳಲ್ಲಿ ಪರಿಚಿತರಿಗೆಲ್ಲ ಕರೆ ಮಾಡಿ ವಿವರಿಸುವುದೇ ಒಂದು ಕೆಲಸವಾಯಿತು. ಆ ಪಿನ್ನನ್ನು ಲೆಕ್ಕಿಗರೇ ಮೊದಲು ಹಾಕಿದ್ದಿದ್ದರೆ ಕಾಯಬೇಕಾದವನು ಕಳ್ಳನಾಗಿರುತ್ತಿದ್ದ.

ಪೊಲೀಸ್ ದೂರಿಗೆ ಐಎಂಇಐ ಸಂಖ್ಯೆ ಬೇಕಾಯಿತು. ಇದು ಮೊಬೈಲಿನ ಹದಿನೈದು ಅಂಕಿಯ ಗುರುತು, ಮೊದಲ ಎಂಟು ಅಂಕಿಗಳು ಮಾದರಿಯನ್ನು ಹೇಳುತ್ತವೆ, ಕೊನೆಯದು ತಾಳೆಯ ಅಂಕಿ. ಎರಡು ಸಿಮ್ ಹಿಡಿಸುವ ಮೊಬೈಲಿಗೆ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ಕೊಡಬೇಕು. ಮೊಬೈಲ್ ಕೈಯಲ್ಲಿರುವಾಗ *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಹೋದ ಮೇಲೆ ಪೆಟ್ಟಿಗೆಯನ್ನೋ ಬಿಲ್ಲನ್ನೋ ಹುಡುಕಬೇಕು. ಪೆಟ್ಟಿಗೆ ಎಂದೋ ಕಸಕ್ಕೆ ಹೋಗಿತ್ತು, ಬಿಲ್ಲು ಮುಖ್ಯ ಇಮೇಲ್‌ನಲ್ಲಿ ಸಿಕ್ಕಿತು. ಈ ಸಂಖ್ಯೆ ಕಪ್ಪುಪಟ್ಟಿಗೆ ಸೇರಿದರೆ ಆ ಪಟ್ಟಿಯನ್ನು ಪಾಲಿಸುವ ದೂರವಾಣಿ ಸಂಸ್ಥೆಗಳ ಜಾಲದಲ್ಲಿ ಮೊಬೈಲ್ ನಡೆಯುವುದಿಲ್ಲ, ಮಾಹಿತಿಯ ರಕ್ಷಣೆಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕನೆಯ ದಿನ ಗೆಳತಿಯ ಸಂಖ್ಯೆಗೆ ಸಂದೇಶ ಬಂತು: ನಿಮ್ಮ ಮೊಬೈಲ್ ಪತ್ತೆಯಾಗಿದೆ, ತಾಣವನ್ನು ನೋಡಲು ಈ ಕೊಂಡಿಯನ್ನು ಒತ್ತಿ. ಕೊಂಡಿ ತೆರೆಯುವುದು ಖಾತೆಯ ಪ್ರವೇಶಪುಟದಂತೆಯೇ ಕಾಣುವ ನಕಲಿ ಪುಟ. ಬೀಗದ ಪರದೆಯ ಮೇಲೆ ಗೆಳತಿಯ ಸಂಖ್ಯೆ ಕಾಣಿಸಿದ್ದರಿಂದಲೇ ಅದು ಅಲ್ಲಿಗೆ ಬಂದದ್ದು ಎಂದು ನನ್ನ ಊಹೆ. ಯಾರೋ ಎಲ್ಲೋ ಮೊಬೈಲನ್ನು ಕ್ಷಣಕಾಲ ಅಂತರಜಾಲಕ್ಕೆ ಜೋಡಿಸಿ ಬೀಗದ ಆಜ್ಞೆ ತಲುಪಿರಬೇಕು. ಇಂಥ ಸಂದೇಶಗಳ ಹಿಂದೆ ಒಂದು ಲೆಕ್ಕಾಚಾರವಿದೆ. ಆ್ಯಪಲ್ 2013ರಲ್ಲಿ ಐಒಎಸ್ 7ರೊಂದಿಗೆ ಸಕ್ರಿಯಗೊಳಿಸುವ ಬೀಗವನ್ನು ತಂದಿತು, ಆಂಡ್ರಾಯ್ಡ್ 2015ರಲ್ಲಿ 5.1ರ ಆವೃತ್ತಿಯೊಂದಿಗೆ ಅದೇ ಬಗೆಯ ರಕ್ಷಣೆಯನ್ನು ಕೊಟ್ಟಿತು. ಅಂದಿನಿಂದ ಕದ್ದ ಮೊಬೈಲನ್ನು ಪೂರ್ತಿ ಅಳಿಸಿದರೂ ಮೊದಲ ಒಡೆಯರ ಖಾತೆಯ ವಿವರ ಕೇಳುತ್ತದೆ. ಕೊಡದಿದ್ದರೆ ಬಿಡಿಭಾಗಗಳ ಬೆಲೆಯಷ್ಟೇ ಸಿಗುವುದು. ಆದ್ದರಿಂದ ಒಡೆಯರಿಂದಲೇ ಪಾಸ್‌ವರ್ಡ್ ಹೇಳಿಸುವುದು ಕಳ್ಳಮಾಲಿನ ವ್ಯಾಪಾರದ ಒಂದು ಹಂತವೇ ಆಗಿಬಿಟ್ಟಿದೆ. ಗೆಳತಿ ಕೊಂಡಿಯನ್ನು ಒತ್ತದೆ ನನಗೆ ತೋರಿಸಿದರು. ಅದೇ ದಿನ ಅಳಿಸುವ ಆಜ್ಞೆಯನ್ನೂ ಕೊಟ್ಟೆವು, ಮೊಬೈಲನ್ನು ಖಾತೆಯ ಪಟ್ಟಿಯಿಂದ ಮಾತ್ರ ತೆಗೆಯಲಿಲ್ಲ. ತೆಗೆದರೆ ಆ ರಕ್ಷಣೆಯೂ ಹೋಗಬಹುದು.

ಹಿಂದಿರುಗಿ ಬಂದದ್ದು ಮತ್ತು ಬಾರದ್ದು: ಫೋಟೋಗಳು ಬಂದವು. ಸಂಪರ್ಕಗಳು ಬಂದವು. ಗ್ರಾಹಕರೊಂದಿಗಿನ ವಾಟ್ಸ್‌ಆ್ಯಪ್ ಮಾತುಕತೆಗಳ ಬ್ಯಾಕಪ್ ತಿಂಗಳುಗಳ ಹಿಂದೆಯೇ ನಿಂತಿತ್ತು, ಸಂಗ್ರಹ ತುಂಬಿದೆ ಎಂಬ ಸೂಚನೆಯನ್ನು ಅವರು ಪ್ರತಿಸಲ ಸರಿಸಿಹಾಕಿದ್ದರು. ದೃಢೀಕರಣ ಆ್ಯಪ್‌ನ ಸಂಕೇತಗಳಿಗೆ ಬ್ಯಾಕಪ್ ಇರಲಿಲ್ಲವಾದ್ದರಿಂದ ಒಂದೊಂದು ಸೇವೆಗೂ ಪ್ರತ್ಯೇಕವಾಗಿ ಅರ್ಜಿ ಹಾಕಿ ಗುರುತು ಸಾಬೀತುಪಡಿಸಬೇಕಾಯಿತು. ಹಳೆಯ ಇಮೇಲ್ ಖಾತೆ ಕೊನೆಗೂ ಸಿಕ್ಕಿತು, ಖಾಲಿಯಾಗಿ.

ಹೊಸ ಏರ್ಪಾಡು ಮತ್ತು ಅದರ ತಾಲೀಮು

ಹೊಸ ಮೊಬೈಲಿಗೆ ಮೆಮರಿ ಕಾರ್ಡ್ ಹಾಕಿಲ್ಲ. ಸ್ಕ್ಯಾನ್ ಆದ ದಾಖಲೆ ಗ್ರಾಹಕರಿಗೆ ತಲುಪಿದ ಮೇಲೆ ಮೊಬೈಲಿನಲ್ಲಿ ಉಳಿಯುವುದಿಲ್ಲ. ಕಳೆಯಬಾರದ್ದನ್ನು ಹೊತ್ತು ತಿರುಗದಿರುವುದಕ್ಕಿಂತ ಅಗ್ಗದ ರಕ್ಷಣೆಯನ್ನು ನಾನು ಕಂಡಿಲ್ಲ. ಸಿಮ್‌ಗೆ ಪಿನ್ ಬಿದ್ದಿದೆ. ಬೀಗದ ಪರದೆಯ ಮೇಲೆ ಸಂದೇಶ ಬಂದಿದೆ ಎಂದಷ್ಟೇ ಕಾಣುತ್ತದೆ, ಪಠ್ಯ ಕಾಣುವುದಿಲ್ಲ. ಸಂಪರ್ಕಕ್ಕೆಂದು ಇರುವುದು ಗೆಳತಿಯ ಸಂಖ್ಯೆ. ಚಲನೆಯನ್ನು ಗಮನಿಸಿ, ಯಾರಾದರೂ ಕಸಿದು ಓಡಿದಂತೆ ಅನಿಸಿದರೆ ಪರದೆಗೆ ಬೀಗ ಹಾಕುವ ಸೌಲಭ್ಯವನ್ನೂ ಚಾಲೂ ಮಾಡಿದ್ದಾರೆ, ಗೂಗಲ್ ಅದನ್ನು 2024ರಲ್ಲಿ ತಂದಿತು. ಐಫೋನ್ ಬಳಸುವವರಿಗೆ ಅದೇ ವರ್ಷದ ಜನವರಿಯಲ್ಲಿ ಐಒಎಸ್ 17.3ರೊಂದಿಗೆ ಬಂದ ಕಳುವಾದ ಸಾಧನದ ರಕ್ಷಣೆ ಇದೆ: ಪಿನ್ ಕದ್ದು ನೋಡಿದವನು ಕೂಡ ಪರಿಚಿತ ಸ್ಥಳದಿಂದ ದೂರವಿದ್ದಾಗ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖ ಅಥವಾ ಬೆರಳಿನ ಗುರುತು ಕೊಟ್ಟು, ಒಂದು ಗಂಟೆ ಕಾದು, ಮತ್ತೆ ಗುರುತು ಕೊಡಬೇಕು.

ಮುಖ್ಯ ಖಾತೆಯ ಬ್ಯಾಕಪ್ ಸಂಕೇತಗಳು ಈಗ ಕಾಗದದಲ್ಲಿವೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಗೆಳತಿಯ ಮನೆಯಲ್ಲಿ. ಅದೇ ಕಾಗದದ ಹಿಂಬದಿಯಲ್ಲಿ ದೂರವಾಣಿ ಸಂಸ್ಥೆಯ ಸಂಖ್ಯೆ, ಬ್ಯಾಂಕಿನ ಸಂಖ್ಯೆ, ಎರಡೂ ಐಎಂಇಐ, ಮತ್ತು ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ಇದೆ.

ಇದೆಲ್ಲ ಮುಗಿದ ಮೇಲೆ ನಾನು ಒತ್ತಾಯಿಸಿದ್ದು ತಾಲೀಮನ್ನು. ಹೊಸ ಮೊಬೈಲನ್ನು ಮನೆಯಲ್ಲಿ ಆರಿಸಿಟ್ಟು, ಲ್ಯಾಪ್‌ಟಾಪನ್ನೂ ಮುಚ್ಚಿಟ್ಟು, ಗೆಳತಿಯ ಗಣಕದಿಂದ ಆ ಕಾಗದವೊಂದನ್ನೇ ಹಿಡಿದು ಖಾತೆಯೊಳಗೆ ಹೋಗಿ ಬೀಗದ ಆಜ್ಞೆ ಕೊಡಬೇಕು. ಮೊದಲ ಸಲ ಆಗಲಿಲ್ಲ. ಪಾಸ್‌ವರ್ಡ್ ಇದ್ದದ್ದು ಪಾಸ್‌ವರ್ಡ್ ನಿರ್ವಾಹಕ ಆ್ಯಪ್‌ನಲ್ಲಿ, ಆ ಆ್ಯಪ್ ಹೊಸ ಗಣಕವನ್ನು ಒಪ್ಪಲು ಮೊಬೈಲಿನ ಅನುಮತಿ ಕೇಳಿತು. ಮುಖ್ಯ ಖಾತೆಯ ಪಾಸ್‌ವರ್ಡನ್ನು ಬಾಯಿಪಾಠವಾಗುವ ಉದ್ದನೆಯ ಪದಪುಂಜಕ್ಕೆ ಬದಲಿಸಿ, ನಿರ್ವಾಹಕ ಆ್ಯಪ್‌ನ ತುರ್ತು ಸಂಕೇತವನ್ನೂ ಕಾಗದಕ್ಕೆ ಸೇರಿಸಿದರು. ಎರಡನೆಯ ಸಲ ಆಯಿತು. ಒಟಿಪಿಯ ಹೊರತು ಬೇರೆ ಯಾವ ದಾರಿಯನ್ನೂ ಕೊಡದ ಒಂದು ಹಳೆಯ 
ಸೇವೆ ಮಾತ್ರ ಉಳಿದಿತ್ತು, ಆ ಖಾತೆಯನ್ನು ಮುಚ್ಚಿದರು. ಹಳೆಯ ಮೊಬೈಲ್ ಸಿಕ್ಕಿಲ್ಲ. ಅಳಿಸುವ ಆಜ್ಞೆ ಅದಕ್ಕೆ ತಲುಪಿದ ದಾಖಲೆಯೂ ಇನ್ನೂ ಬಂದಿಲ್ಲ. ಮೆಮರಿ ಕಾರ್ಡಿನ ವಿಷಯದಲ್ಲಿ ಮಾಡಬಹುದಾದದ್ದು ಗ್ರಾಹಕರಿಗೆ ಹೋದ ಆ ಪತ್ರವಷ್ಟೇ.